ತುಳಸಿ ಒಣಗಿತು ಅಂತ ಅಳಬೇಡ

ಮೈಸೂರು
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ತುಳಸಿ ಒಣಗಿತು ಅಂತ ಹೇಳುವಾಗ ನಿನ್ನ ಗಂಟಲು ಕಟ್ಟಿತ್ತು. ಪಕ್ಕದ ಮನೆಯವರು "ಹೊಸ ಮನೆಯಲ್ಲಿ ತುಳಸಿ ಒಣಗಬಾರದಿತ್ತು" ಅಂದರಂತೆ. ಆ ಮಾತು ನಿನಗೆ ಚುಚ್ಚಿದೆ ಅಂತ ಗೊತ್ತಾಯಿತು. ಆಮೇಲೆ ನೀನು ಕೇಳಿದೆಯಲ್ಲ, "ಅಮ್ಮ, ನಿಜ ಹೇಳು, ನೀನು ಇದನ್ನೆಲ್ಲ ನಂಬ್ತೀಯಾ? ದೇವರನ್ನ ನಂಬ್ತೀಯಾ?" ಅಂತ. ನಾನು "ಮಲಗು, ನಾಳೆ ಮಾತಾಡೋಣ" ಅಂದುಬಿಟ್ಟೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬೆಳಿಗ್ಗೆ ಕಾಫಿ ಕುಡಿದು ಬರೆಯೋಕೆ ಕೂತಿದ್ದೇನೆ. ನಿಮ್ಮಪ್ಪ ಕುಕ್ಕರಹಳ್ಳಿ ಕೆರೆ ಕಡೆ ವಾಕಿಂಗ್ ಹೋಗಿದ್ದಾರೆ. ಎದುರುಮನೆ ಹೊಂಗೆ ಮರ ಹಳೇ ಎಲೆಯೆಲ್ಲ ಉದುರಿಸಿ ಚಿಗುರು ಹೊತ್ತು ನಿಂತಿದೆ. ಯುಗಾದಿ ಹತ್ತಿರ ಬಂತು.

ಮೊದಲು ಒಂದು ಮಾತು. ಆ ಒಣಗಿದ ಗಿಡವನ್ನು ಕಿತ್ತು ಎಸೆಯಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಗಿಡ ಒಣಗಿದೆ, ಆದರೆ ಮಣ್ಣು ಇನ್ನೂ ಕಪ್ಪಗೆ ಹಸಿಯಾಗೇ ಇದೆ. ಕಾಂಡದ ಬುಡವೂ ಕಪ್ಪಾಗಿದೆ. ಅದು ನೀರಿಲ್ಲದೆ ಸತ್ತ ಗಿಡ ಅಲ್ಲ ಮಗಳೇ. ನೀರು ಜಾಸ್ತಿಯಾಗಿ ಬೇರು ಕೊಳೆತಿದೆ. ದಿನಾ ಸ್ನಾನ ಆದ ಮೇಲೆ ಒಂದು ಚೊಂಬು ನೀರು ಹಾಕಿ ಕೈ ಮುಗೀತಿದ್ದೆ ಅಂದೆ. ಆ ಚೆಂದದ ಪಿಂಗಾಣಿ ಕುಂಡದ ತಳದಲ್ಲಿ ತೂತು ಇದೆಯಾ ನೋಡು. ಇರಲಾರದು. ಹಾಕಿದ ನೀರು ಹೋಗೋಕೆ ದಾರಿ ಇಲ್ಲದಿದ್ದರೆ ಬೇರಿಗೆ ಉಸಿರು ಕಟ್ಟುತ್ತೆ. ಸಂದೇಹ ಇದ್ದರೆ ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡು. ಒಳಗೆ ಹಸಿರು ಕಂಡರೆ ಜೀವ ಇದೆ. ಕಂದು ಬಣ್ಣ ಇದ್ದು, ಪಟ್ ಅಂತ ಮುರಿದರೆ ಇಲ್ಲ.

ಇನ್ನೊಂದು ಕಾರಣ ಬಿಸಿಲು. ನಿನ್ನ ಬಾಲ್ಕನಿ ಉತ್ತರಕ್ಕೆ ತಾನೇ? ಮೇ ತಿಂಗಳಲ್ಲಿ ಗೃಹಪ್ರವೇಶ ಆದಾಗ ಅಲ್ಲಿ ಬೆಳಿಗ್ಗೆ ಸಂಜೆ ಚೆನ್ನಾಗಿ ಬಿಸಿಲು ಬೀಳುತ್ತಿತ್ತು. ನಾನೇ ಅಲ್ಲಿ ಕೂತು ತಲೆ ಒಣಗಿಸಿಕೊಂಡಿದ್ದೆ, ನೆನಪಿದೆಯಾ? ಆಗ ಸೂರ್ಯ ಉತ್ತರದ ಕಡೆ ಇರುತ್ತಾನೆ. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಗೆ ನೆತ್ತಿ ದಾಟಿ ಉತ್ತರಕ್ಕೆ ಹೋದವನು ಆಗಸ್ಟ್ ನಡುವಿಗೆ ವಾಪಸ್ ದಕ್ಷಿಣಕ್ಕೆ ಬರುತ್ತಾನೆ. ದಸರಾ ಕಳೆದ ಮೇಲಂತೂ ನಿನ್ನ ಬಾಲ್ಕನಿಗೆ ಬಿಸಿಲೇ ಇಲ್ಲ. ತುಳಸಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಮಾಗಿಯಲ್ಲಿ ನೆರಳು, ಥಂಡಿ, ಅದರ ಮೇಲೆ ದಿನಾ ಒಂದು ಚೊಂಬು ನೀರು. ಪಾಪ, ಅದು ಇನ್ನೇನು ಮಾಡೀತು?

ಇದರಲ್ಲಿ ಯಾರ ಶಾಪವೂ ಇಲ್ಲ, ಯಾರ ಕೋಪವೂ ಇಲ್ಲ. ನೀನು ಪ್ರೀತಿಯಿಂದಲೇ ನೀರು ಹಾಕಿದೆ. ಆ ಪ್ರೀತಿಗೆ ಸ್ವಲ್ಪ ತಿಳಿವಳಿಕೆ ಸೇರಬೇಕಿತ್ತು, ಅಷ್ಟೇ. ಅದನ್ನು ಕಲಿಸದೆ ಇದ್ದದ್ದು ನನ್ನ ತಪ್ಪು. ಓದು, ಪರೀಕ್ಷೆ, ಕೆಲಸ ಅಂತ ನಿನ್ನನ್ನು ಓಡಿಸಿದೆನೇ ಹೊರತು, ಒಂದು ದಿನವೂ ಪಕ್ಕದಲ್ಲಿ ಕೂರಿಸಿಕೊಂಡು ಮಣ್ಣಿಗೆ ಕೈ ಹಾಕಿಸಲಿಲ್ಲ. ಆದರೆ ನಿನಗೆ ಗಿಡದ ಮೇಲೆ ಕರುಳಿತ್ತು. ಯುಕೆಜಿಯಲ್ಲಿದ್ದಾಗ ಒಂದು ದಿನ ಜೋರು ಮಳೆ. ನೀನು ಕಾಣಿಸಲಿಲ್ಲ. ಹುಡುಕಿಕೊಂಡು ಬಂದರೆ ತುಳಸಿಕಟ್ಟೆ ಹತ್ತಿರ ನಿಂತಿದ್ದೀಯ. ನಿನ್ನ ಕೆಂಪು ಛತ್ರಿ ತುಳಸಿಯ ಮೇಲೆ, ನೀನು ಪೂರ್ತಿ ಒದ್ದೆ. "ತುಳಸಮ್ಮಂಗೆ ಶೀತ ಆಗುತ್ತೆ" ಅಂದೆ. ಆವತ್ತು ನಿನಗೆ ಬೈದೆ. ಈಗ ನೆನೆದರೆ ಎದೆ ತುಂಬಿ ಬರುತ್ತೆ.

ತುಳಸಿ ಹೇಗೂ ಎರಡು ಮೂರು ವರ್ಷದ ಗಿಡ. ಕದಿರು ಬಿಟ್ಟು, ಬೀಜ ಕಟ್ಟಿ, ಕಾಂಡ ಬಲಿತು, ಸೊರಗುತ್ತೆ. ಅವ್ವನ ತುಳಸಿಕಟ್ಟೆಯಲ್ಲಿ ನಾನು ಕಂಡದ್ದೇ ಹತ್ತು ಹನ್ನೆರಡು ಗಿಡ ಇರಬೇಕು. ಹಳೆಯದು ಸೊರಗುವ ಹೊತ್ತಿಗೆ ಅದರ ಬುಡದಲ್ಲೇ ಬಿದ್ದ ಬೀಜ ಮೊಳೆತು ನಾಲ್ಕು ಎಲೆ ಬಿಟ್ಟಿರುತ್ತಿತ್ತು. ಉತ್ಥಾನ ದ್ವಾದಶಿಗೆ ಅವ್ವ ಕಟ್ಟೆಗೆ ಕೆಮ್ಮಣ್ಣು ಸುಣ್ಣ ಬಳಿದು, ಕಾಯಿರುವ ನೆಲ್ಲಿಕೊಂಬೆ ಸಿಕ್ಕಿಸಿ, ದೀಪ ಹಚ್ಚುತ್ತಿದ್ದಳು. ಯಾವ ವರ್ಷವೂ "ಇದು ಹೋದ ವರ್ಷದ ಗಿಡವಾ, ಹೊಸದಾ" ಅಂತ ಯಾರೂ ಕೇಳಲಿಲ್ಲ. ನಮಗೆಲ್ಲ ಅದು ಒಂದೇ ತುಳಸಿ.

ನಿಮ್ಮಜ್ಜಿಯ ಹಿತ್ತಲು ನಿನಗೆ ಅಷ್ಟಾಗಿ ನೆನಪಿರಲಿಕ್ಕಿಲ್ಲ. ನೀನು ಹೋಗುವ ಹೊತ್ತಿಗೆ ಅರ್ಧ ಜಾಗದಲ್ಲಿ ಚಿಕ್ಕಪ್ಪನ ಮನೆ ಎದ್ದಿತ್ತು. ನಾನು ಚಿಕ್ಕವಳಿದ್ದಾಗ ಅದು ಬಚ್ಚಲಿನಿಂದ ಹಿಡಿದು ತಿಪ್ಪೆಗುಂಡಿವರೆಗೂ ಇತ್ತು. ಅಲ್ಲಿ ನಿಂತರೆ ದೂರದಲ್ಲಿ ಕುಂತಿಬೆಟ್ಟ ಕಾಣುತ್ತಿತ್ತು. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು. ಬೇಲಿ ಸಾಲಿಗೆ ನುಗ್ಗೆ, ದಾಸವಾಳ, ನಂದಿಬಟ್ಟಲು. ಒಂದು ಮೂಲೆಗೆ ಪಾರಿಜಾತ. ಮಧ್ಯೆ ಅವ್ವನ ಪಾತಿಗಳು, ಬದನೆ, ಮೆಣಸಿನಕಾಯಿ, ದಂಟು, ಕೀರೆ. ಮೇಲೆ ಹೀರೆ ಚಪ್ಪರ. ಮಂಡ್ಯ ಸೀಮೆ ಅಂದರೆ ಎಲ್ಲರೂ ನಾಲೆ, ಕಬ್ಬು, ಭತ್ತ ಅಂತಾರೆ. ಅದು ಗಂಡಸರ ಲೆಕ್ಕದ ಬೆಳೆ. ಮನೆ ಒಲೆ ನಡೆಯುತ್ತಿದ್ದದ್ದು ಈ ಹಿತ್ತಲಿನಿಂದ.

ಅವ್ವ ದೇವಸ್ಥಾನಕ್ಕೆ ಹೋಗುತ್ತಿದ್ದದ್ದು ಕಡಿಮೆ. ವರ್ಷಕ್ಕೊಂದು ಸಲ ಮೇಲುಕೋಟೆ ವೈರಮುಡಿಗೆ. ಆಷಾಢದಲ್ಲಿ ಆದರೆ ಒಂದು ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ. ಅಷ್ಟೇ. ಮಂತ್ರ ಗಿಂತ್ರ ಒಂದೂ ಬರುತ್ತಿರಲಿಲ್ಲ. ಓದು ಬರಹವೂ ಇಲ್ಲ. ಆದರೆ ಹಿತ್ತಲಿಗೆ ಕಾಲಿಡುವಾಗ ಚಪ್ಪಲಿ ಬಿಡುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಒಂದು ಎಲೆಯನ್ನೂ ಕೀಳುವ ಹಾಗಿರಲಿಲ್ಲ, "ಗಿಡ ಮಲ್ಗದೆ, ಮುಟ್ಬ್ಯಾಡ" ಅನ್ನುತ್ತಿದ್ದಳು. ಹೊಸದಾಗಿ ಕಾಯಿ ಬಿಟ್ಟ ಬಳ್ಳಿಯ ಮೊದಲ ಕಾಯಿ ನಮ್ಮ ಮನೆ ಸಾರಿಗೆ ಬೀಳುತ್ತಿರಲಿಲ್ಲ. ಅದು ಪಕ್ಕದ ಮನೆಗೆ. ಪಾರಿಜಾತದ ಕೆಳಗೆ ರಾತ್ರಿಯೇ ಹಳೇ ಸೀರೆ ಹಾಸಿಡುತ್ತಿದ್ದಳು. ಬೆಳಿಗ್ಗೆ ಎದ್ದರೆ ಸೀರೆ ತುಂಬ ಬಿಳಿ ಎಸಳು, ಕೇಸರಿ ತೊಟ್ಟು. ನೆಲಕ್ಕೆ ಬಿದ್ದದ್ದನ್ನು ಆಯ್ದು ದೇವರಿಗೆ ಏರಿಸಬಹುದಾದ ಹೂ ಅದೊಂದೇ ಅಂತ ಅವ್ವನ ನಂಬಿಕೆ. "ಅದು ಯಾರ ಕೈಲೂ ಕೀಳುಸ್ಕಳಲ್ಲ ಕಣ್ ಮಗ, ತಾನೇ ಕೊಡ್ತದೆ" ಅನ್ನುತ್ತಿದ್ದಳು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಅವರೆಬಳ್ಳಿ ವಿಷಯ ಹೇಳಬೇಕು.

ನನಗಾಗ ಒಂಬತ್ತು ವರ್ಷ. ಭರಣಿ ಮಳೆ ಚೆನ್ನಾಗಿ ಹುಯ್ದಿತ್ತು. "ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ" ಅಂತ ಅಪ್ಪ ಖುಷಿಯಲ್ಲಿದ್ದ. ನಾನು ಬಿತ್ತನೆಗೆ ಇಟ್ಟಿದ್ದ ಅವರೆಯಲ್ಲಿ ನಾಲ್ಕು ಕಾಳು ಕದ್ದು ಬಚ್ಚಲ ಗೋಡೆ ಪಕ್ಕ ಊರಿದೆ. ನನ್ನದೇ ಸ್ವಂತ ಬಳ್ಳಿ ಅಂತ ಆಸೆ. ಹುಟ್ಟಿತು. ಅವ್ವ ಕಡ್ಡಿ ನೆಟ್ಟು ಕೊಟ್ಟಳು. ಬಚ್ಚಲ ನೀರು ಕುಡಿದು ಬಳ್ಳಿ ಗೋಡೆ ಹತ್ತಿತು, ಹೆಂಚು ಹತ್ತಿತು. ಎಲೆಯೋ ಎಲೆ. ಹೂ ಮಾತ್ರ ಇಲ್ಲ. ಆಷಾಢ ಬಂತು, ಹೋಯಿತು. ಗೌರಿಹಬ್ಬ ಬಂತು. ಇಲ್ಲ. ದಸರಾ ಬಂತು. ಇಲ್ಲ. ಹೀರೆ ಎರಡು ಸಲ ಕಾಯಿ ಕೊಟ್ಟು ಮುಗಿಸಿತ್ತು. ನನಗೆ ಅಳುವೇ ಬಂತು. ಕುಡುಗೋಲು ತಗೊಂಡು ಬುಡ ಕೊಯ್ಯೋಕೆ ಹೋದೆ. ಅವ್ವ ಕೈ ಹಿಡಿದುಕೊಂಡಳು. "ಅದುಕ್ಕಿನ್ನೂ ಹೊತ್ತು ಬಂದಿಲ್ಲ ಕಣ್ ಮಗ. ಮಾಗಿ ಬರ್ಲಿ, ಸುಮ್ಕಿರು. ನೀನು ಹೇಳ್ಕೊಡ್ಬೇಕಾ ಅದುಕ್ಕೆ?"

ಅಪ್ಪ ಖುಷ್ಕಿ ಹೊಲದಲ್ಲಿ ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಬಿತ್ತಿದ್ದು ಆಷಾಢ ಕಳೆದ ಮೇಲೆ. ಅಂದರೆ ನನ್ನ ಬಳ್ಳಿಗಿಂತ ಮೂರು ತಿಂಗಳು ತಡ. ದೀಪಾವಳಿ ಕಳೆದು ಚಳಿ ಹಿಡಿಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ನನ್ನ ಬಳ್ಳಿಯ ತುದಿಯಲ್ಲಿ ಮೊಗ್ಗಿನ ಗೊನೆ. ಅದೇ ವಾರ ಅಪ್ಪ ಹೊಲದಿಂದ ಬಂದು "ಅವರೆ ಹೂ ಬುಡ್ತು" ಅಂದ. ಮೂರು ತಿಂಗಳು ಹಿಂದೆ ಮುಂದೆ ಹುಟ್ಟಿದ ಎರಡು ಗಿಡ, ಒಂದೇ ವಾರದಲ್ಲಿ ಹೂ ಬಿಟ್ಟವು. ಯಾರು ಹೇಳಿದರು ಅವಕ್ಕೆ? ಆವತ್ತು ಬಚ್ಚಲ ಗೋಡೆ ಹತ್ತಿರ ನಿಂತು ನನಗೆ ಮೈ ಜುಂ ಅಂದದ್ದು ಈಗಲೂ ನೆನಪಿದೆ. ದೇವಸ್ಥಾನದಲ್ಲಿ ಮಂಗಳಾರತಿ ಹೊತ್ತಿಗೆ ಆಗುತ್ತಲ್ಲ, ಹಾಗೆ.

ಎಷ್ಟೋ ವರ್ಷದ ಮೇಲೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೃಷಿ ಮೇಳಕ್ಕೆ ಹೋದಾಗ ಅಲ್ಲಿಯ ಒಬ್ಬ ವಿಜ್ಞಾನಿ ವಿವರಿಸಿದರು. ನಾಟಿ ಅವರೆ ಹಗಲು ಚಿಕ್ಕದಾದರೆ ಮಾತ್ರ ಹೂ ಬಿಡುವ ಗಿಡವಂತೆ. ಇನ್ನೂ ಸರಿಯಾಗಿ ಹೇಳಬೇಕು ಅಂದರೆ ಅದು ಅಳೆಯುವುದು ಹಗಲನ್ನಲ್ಲ, ಕತ್ತಲನ್ನು. ರಾತ್ರಿ ಇಷ್ಟು ಉದ್ದ ಆಯಿತು ಅಂತ ಎಲೆಗೆ ಗೊತ್ತಾಗುತ್ತೆ. ಆಮೇಲೆ ತುದಿಯಲ್ಲಿ ಮೊಗ್ಗು ಕಟ್ಟುತ್ತೆ. ನಮ್ಮ ಮೈಸೂರು ಕಡೆ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆಯೂ ಪೂರ್ತಿ ಇಲ್ಲ. ನಮಗೆ ಅದು ಗೊತ್ತೇ ಆಗಲ್ಲ. ಗೋಡೆ ಪಕ್ಕದ ಬಳ್ಳಿಗೆ ಗೊತ್ತಾಗುತ್ತೆ. ಈಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ಎಲ್ಲ ಕಾಲದಲ್ಲೂ ಹೂ ಬಿಡುವ ತಳಿ ತಂದಿದ್ದಾರೆ. ರೈತರಿಗೆ ಒಳ್ಳೆಯದೇ ಆಯಿತು. ಆದರೂ ದೇವರಾಜ ಮಾರ್ಕೆಟ್ಟಿನಲ್ಲಿ ಬೇಸಿಗೆಯಲ್ಲಿ ಸಿಗುವ ಅವರೆಕಾಯಿ ಬಿಡಿಸಿದರೆ ಬೆರಳಿಗೆ ಆ ಸೊಗಡು ಅಂಟಲ್ಲ. ಇಬ್ಬನಿಯಲ್ಲಿ ನೆಂದ ನಾಟಿ ಅವರೆಯದೇ ಬೇರೆ. ಇದಕಬೇಳೆ ಸಾರು ಮಾಡಿದ ದಿನ ನಿನ್ನ ಯೂನಿಫಾರ್ಮ್ ಎಲ್ಲ ಅದೇ ವಾಸನೆ ಬರುತ್ತಿತ್ತು, ಅಲ್ವಾ?

ಕಾರಣ ತಿಳಿದ ಮೇಲೆ ನನ್ನ ಭಕ್ತಿ ಕಮ್ಮಿಯಾಗಲಿಲ್ಲ ಪುಟ್ಟಿ. ಜಾಸ್ತಿಯಾಯಿತು. ನಿನ್ನ ತುಳಸಿ ಸೊರಗಿದ್ದೂ ಸೂರ್ಯ ದಕ್ಷಿಣಕ್ಕೆ ವಾಲಿದ್ದಕ್ಕೆ. ನನ್ನ ಅವರೆ ಹೂ ಬಿಟ್ಟದ್ದೂ ಅದಕ್ಕೇ. ಒಂದೇ ಕತ್ತಲು. ಹೀಗಿರುವಾಗ ಅದನ್ನು ಶುಭ ಅನ್ನಲಾ, ಅಶುಭ ಅನ್ನಲಾ?

ನಿಮ್ಮಪ್ಪನಿಗೆ ಹೃದಯದ ಆಪರೇಷನ್ ಆದ ದಿನ ನೀನು ದಾರಿಯಲ್ಲಿದ್ದೆ. ಐದು ಗಂಟೆ ನಾನೊಬ್ಬಳೇ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಒಂದೇ ಸಮನೆ ಸ್ತೋತ್ರ ಹೇಳುತ್ತಿದ್ದರು. ನನಗೆ ಒಂದು ದೇವರ ಹೆಸರೂ ಬಾಯಿಗೆ ಬರಲಿಲ್ಲ. ಹೆದರಿಕೆಗೆ ನಾಲಿಗೆ ಒಣಗಿತ್ತು. ಕಣ್ಣು ಮುಚ್ಚಿದರೆ ಬಂದದ್ದು ಬಚ್ಚಲ ಗೋಡೆ ಮೇಲಿನ ಅವರೆಬಳ್ಳಿ. ಎಲೆ ಮಾತ್ರ ಇದ್ದ, ಹೂವಿಲ್ಲದ ಬಳ್ಳಿ. ಸುಮ್ಕಿರು ಅಂದ ಅವ್ವನ ಕೈ. ಅದನ್ನೇ ಹಿಡಿದುಕೊಂಡು ಕೂತೆ. ಅದು ಪ್ರಾರ್ಥನೆಯಾ ಅಂದರೆ ಹೌದು, ನನಗೆ ಬರುವ ಪ್ರಾರ್ಥನೆ ಅದೇ.

ಇನ್ನೊಂದು ವಿಷಯ ನಿನಗೆ ಇದುವರೆಗೂ ಹೇಳಿಲ್ಲ. ಅವ್ವ ತೀರಿಕೊಂಡು ಹನ್ನೊಂದನೇ ದಿನದ ಕಾರ್ಯ ಮುಗಿದಿತ್ತು. ನೆಂಟರೆಲ್ಲ ಹೊರಟರು. ನಾನು ಕೈಕಾಲು ತೊಳೆಯೋಕೆ ಹಿತ್ತಲಿಗೆ ಹೋದೆ. ಕೊಟ್ಟಿಗೆ ಗೋಡೆಯ ಮೇಲೆ ಸೂರಿನ ಕೆಳಗೆ ಮೂರು ಬಿಲ್ಲೆ ತಟ್ಟಿದ್ದಳು. ಬೆರಣಿ ಅಂದುಕೊಂಡೆ. ಹತ್ತಿರ ಹೋದರೆ ಬೀಜ. ಸಗಣಿಯಲ್ಲಿ ಹೀರೆ ಬೀಜ ಕಲಸಿ ಗೋಡೆಗೆ ತಟ್ಟಿದ್ದಾಳೆ. ಹಾಗೆ ಇಟ್ಟರೆ ಮುಂದಿನ ಮಳೆವರೆಗೂ ಹುಳ ಬೀಳಲ್ಲ. ಬಿಲ್ಲೆಯ ಅಂಚಿನಲ್ಲಿ ಕಪ್ಪು ಬೀಜಗಳು ಅಲ್ಲಲ್ಲಿ ಇಣುಕುತ್ತಿದ್ದವು. ಒಣಗಿ ಬಿರುಕು ಬಿಟ್ಟ ಸಗಣಿಯ ಮೇಲೆ ಅವಳ ನಾಲ್ಕು ಬೆರಳಿನ ಗುರುತು ಹಾಗೇ ಇತ್ತು. ಕಿರುಬೆರಳು ಕೊನೆಗಾಲದಲ್ಲಿ ಸೊಟ್ಟಗಾಗಿತ್ತಲ್ಲ, ಆ ಸೊಟ್ಟವೂ ಇತ್ತು. ನಾನು ನನ್ನ ಬೆರಳುಗಳನ್ನು ಅದರ ಮೇಲೆ ಇಟ್ಟೆ.

ಅವಳಿಗೆ ಆಗ ನಡೆಯೋಕೆ ಆಗುತ್ತಿರಲಿಲ್ಲ. ಮುಂದಿನ ಮುಂಗಾರು ತಾನು ನೋಡಲ್ಲ ಅಂತ ಅವಳಿಗೇ ಗೊತ್ತಿತ್ತು, ನಮಗೆಲ್ಲ ಹೇಳಿಯೂ ಇದ್ದಳು. ಆದರೂ ಬಳ್ಳಿಯಲ್ಲಿ ಒಳ್ಳೇ ಕಾಯಿ ಒಂದನ್ನು ಗುರುತಿಗೆ ಚಿಂದಿ ಕಟ್ಟಿ ಬಿಟ್ಟು, ಅದು ಒಣಗಿ ಗಲಗಲ ಅನ್ನುವವರೆಗೂ ಕಾದು, ಬೀಜ ಬಿಡಿಸಿ, ಗೋಡೆ ಹಿಡಿದುಕೊಂಡು ಹೋಗಿ ತಟ್ಟಿದ್ದಾಳೆ. ಆವತ್ತಿನವರೆಗೂ ತಡೆದುಕೊಂಡಿದ್ದ ಅಳು ಅಲ್ಲಿ ಬಂತು.

ನಂಬಿಕೆ ಅಂದರೆ ನನಗೆ ಆ ಮೂರು ಬಿಲ್ಲೆ. ನಾನು ದೇವರನ್ನು ನಂಬುತ್ತೇನೆ ಪುಟ್ಟಿ. ಯಾರು ಎಷ್ಟು ನೀರು ಹಾಕಿದರು ಅಂತ ಲೆಕ್ಕ ಬರೆದುಕೊಂಡು ಕೂತಿರುವ ದೇವರನ್ನಲ್ಲ. ಅವರೆಗೆ ಹೊತ್ತು ತಿಳಿಸುವವನನ್ನು. ಪಕ್ಕದ ಮನೆಯವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವರೂ ಅವರ ಅಮ್ಮನಿಂದ ಕೇಳಿದ್ದನ್ನು ಹೇಳಿದ್ದಾರೆ. ಮೊದಲ ಹೀರೆಕಾಯಿ ಬಂದಾಗ ಅವರ ಮನೆಗೆ ಕೊಡು.

2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಮುಂದಿನ ಬೇಸಿಗೆಯಲ್ಲಿ ನಮ್ಮನೆ ಪಾರಿಜಾತ ಪೂರ್ತಿ ಎಲೆ ಉದುರಿಸಿ ಕಡ್ಡಿಯಾಗಿತ್ತು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹಾಕಿಕೊಂಡು ಬಂದೆ. ಉಗುರಲ್ಲಿ ಕೆರೆದರೆ ಒಳಗೆ ದಾರದಷ್ಟು ಹಸಿರು. ಅದೇ ವರ್ಷ ಜುಲೈನಲ್ಲಿ ಕಟ್ಟೆ ತುಂಬಿತು ಅಂತ ಪೇಪರಿನಲ್ಲಿ ಬಂತು. ನಮ್ಮ ಪಾರಿಜಾತ ಅದಕ್ಕೂ ಮೊದಲೇ ಚಿಗುರಿತ್ತು.

ಈಗ ಒಣಗಿದ ಗಿಡ ಯಾಕೆ ಎಸೆಯಬೇಡ ಅಂದೆ ಕೇಳು. ನೀನು ಕಳಿಸಿದ ಮೂರನೇ ಫೋಟೋದಲ್ಲಿ ತುದಿಯಲ್ಲಿ ಕಂದು ಬಣ್ಣದ ಕದಿರು ಇದೆ. ಐದಾರು ಇರಬೇಕು. ಅದನ್ನು ನಿಧಾನವಾಗಿ ಕಿತ್ತು ಬಿಳಿ ಕಾಗದದ ಮೇಲೆ ಅಂಗೈಯಲ್ಲಿ ಉಜ್ಜು. ಒಂದೊಂದು ಪುಟ್ಟ ಬಟ್ಟಲಿನಲ್ಲಿ ನಾಲ್ಕು ಬೀಜದವರೆಗೂ ಇರುತ್ತೆ, ಸಾಸಿವೆಗಿಂತ ಸಣ್ಣವು. ಮೆಲ್ಲಗೆ ಊದಿದರೆ ಹೊಟ್ಟು ಹಾರುತ್ತೆ. ಜೋರಾಗಿ ಊದಬೇಡ, ಬೀಜವೂ ಹೋಗುತ್ತೆ. ಗಿಡ ಸತ್ತಿದೆ, ಆದರೆ ಬರಿಗೈಯಲ್ಲಿ ಹೋಗಿಲ್ಲ.

ಮಣ್ಣಿನ ಕುಂಡ ತಗೋ, ತೂತು ಇರೋದು. ತೂತಿನ ಮೇಲೆ ಹೆಂಚಿನ ಚೂರು ಇಡು. ಕೆಮ್ಮಣ್ಣು, ಸ್ವಲ್ಪ ಮರಳು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ. ಬೀಜವನ್ನು ಆಳಕ್ಕೆ ಹಾಕಬೇಡ, ಮೇಲೆ ಉದುರಿಸಿ ಮಣ್ಣಿನ ಪುಡಿ ತೆಳುವಾಗಿ ಹರಡಿದರೆ ಸಾಕು. ನೀರು ಚೊಂಬಿನಲ್ಲಿ ಅಲ್ಲ, ಕೈಯಲ್ಲಿ ಚಿಮುಕಿಸು. ವಾರದಿಂದ ಎರಡು ವಾರದೊಳಗೆ ಹುಟ್ಟುತ್ತೆ. ಆಮೇಲೂ ನೀರು ಹಾಕುವ ಮೊದಲು ಬೆರಳು ಇಟ್ಟು ನೋಡು. ಮಣ್ಣು ಒಣಗಿದ್ದರೆ ಹಾಕು, ಹಸಿ ಇದ್ದರೆ ಕೈ ಮುಗಿದು ಬಾ. ಯುಗಾದಿ ಹಬ್ಬದ ದಿನವೇ ಹಾಕು. ಏಪ್ರಿಲ್ ಕೊನೆಗೆ ಸೂರ್ಯ ನಿನ್ನ ಬಾಲ್ಕನಿ ಕಡೆಗೆ ತಿರುಗುವ ಹೊತ್ತಿಗೆ ಸಸಿಗೆ ನಾಲ್ಕು ಎಲೆ ಬಂದಿರುತ್ತೆ. ದಸರಾ ಆದ ಮೇಲೆ ಕುಂಡವನ್ನು ಅಡುಗೆಮನೆ ಕಿಟಕಿಗೆ ತಂದಿಡು, ಅದು ಪೂರ್ವಕ್ಕಿದೆ.

ಈ ಪತ್ರದ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ. ಆರು ಹೀರೆ ಬೀಜ. ಅವ್ವನ ಗೋಡೆಯಿಂದ ತಂದ ಬೀಜ ಹಾಕಿ, ಅದರ ಕಾಯಿ ಒಣಗಿಸಿ, ಮತ್ತೆ ಹಾಕಿ, ವರ್ಷ ವರ್ಷ ಉಳಿಸಿಕೊಂಡು ಬಂದದ್ದು. ಎರಡು ಹಾಕು, ಬರದಿದ್ದರೆ ಇನ್ನೆರಡು. ಬಳ್ಳಿ ಹಬ್ಬುವಾಗ ಗ್ರಿಲ್‌ಗೆ ದಾರ ಕಟ್ಟಬೇಕು, ಅದನ್ನು ತಾನೇ ಬಂದು ಕಟ್ಟುತ್ತೇನೆ ಅಂತ ನಿಮ್ಮಪ್ಪ ಹೇಳಿದ್ದಾರೆ. ಸೆಣಬಿನ ದಾರದ ಉಂಡೆ ನಿನ್ನೆ ರಾತ್ರಿಯೇ ಬ್ಯಾಗಿಗೆ ಹಾಕಿಟ್ಟಿದ್ದಾರೆ.

ಗೇಟಿನ ಸದ್ದಾಯಿತು, ಬಂದರು ಅನ್ನಿಸುತ್ತೆ. ದೋಸೆ ಹಿಟ್ಟು ಉಕ್ಕಿ ಬಂದಿದೆ, ಏಳುತ್ತೇನೆ.

ನಿನ್ನ
ಅಮ್ಮ